ಹಿರಿಯರ ಚೀಟಿ ಕೊನೆಗೆ

ತೆಲುಗು ಸೀಮೆಯ ಮಾದಾಪುರದ ಸಾಫ್ಟ್‌ವೇರ್ ಆಫೀಸಿನಲ್ಲಿ ಮೊದಲ ದಿನವೇ ನಗೆಪಾಟಲಾದೆ. ಬೆಳಿಗ್ಗೆ ಹತ್ತಕ್ಕೆ ಎಂಟು ಮಂದಿ ಗೋಡೆಯ ಪಕ್ಕ ಸುತ್ತುಗಟ್ಟಿ ನಿಂತರು. ತಂಡಕ್ಕೆಲ್ಲ ಹಿರಿಯರಾದ, ತಲೆ ನರೆತ ಮೂರ್ತಿಯವರೂ ನಿಂತೇ ಇದ್ದರು. ನಮ್ಮ ರಾಯಚೂರಿನಲ್ಲಿ ಹಿರಿಯರನ್ನು ನಿಲ್ಲಿಸಿ ಮಾತಾಡಿಸಿದರೆ ಬೈಸಿಕೊಳ್ಳಬೇಕಾಗುತ್ತದೆ. ಓಡಿಹೋಗಿ ಕುರ್ಚಿ ಎಳೆದು ತಂದು, "ಕೂಡ್ರಿ ಸರ್" ಎಂದು ಕನ್ನಡದಲ್ಲೇ ಅಂದುಬಿಟ್ಟೆ. ಎಲ್ಲರೂ ಕಿಸಕ್ಕೆಂದರು. ಅದು ಸ್ಟ್ಯಾಂಡಪ್, ಮಾತು ಬೆಳೆಯದಿರಲೆಂದು ನಿಂತೇ ಮುಗಿಸುವ ಸಭೆ. ಈ ಕೆಲಸಕ್ಕೆಂದು ಮಾಡಿದ ಕೋರ್ಸಿನಲ್ಲಿ ಕಲಿತದ್ದೇ, ಆದರೆ ಕೈ ಕೇಳಬೇಕಲ್ಲ!

ಯಾವ ಕೆಲಸಕ್ಕೆ ಎಷ್ಟು ದಿನ ಬೇಕೆಂದು ತಂಡದವರಿಂದ ಹೇಳಿಸಿ, ಹೇಳಿದ ದಿನಕ್ಕೆ ಮುಗಿಯುವಂತೆ ನೋಡಿಕೊಳ್ಳುವುದು ನನ್ನ ಕೆಲಸ. ಆರು ತಿಂಗಳು ಪ್ರೊಬೇಷನ್. ಖಾಯಂ ಆದರೆ ಅವ್ವನ ಹತ್ತಿರ ಬಿಟ್ಟುಬಂದ ಮಗಳು ಸಂಜನಾಳನ್ನು ಕರೆತರಬಹುದು. ಆಗದಿದ್ದರೆ ಗಂಟುಮೂಟೆ ಕಟ್ಟುವುದೇ. ಅವಳಪ್ಪ ತೀರಿಕೊಂಡ ಮೇಲೆ ನಮಗಿಬ್ಬರಿಗೆ ಇದ್ದ ದಾರಿ ಇದೊಂದೇ. ದಿಲ್‌ಸುಖ್‌ನಗರದ ಒಂದು ಕೋಣೆಯ ಮನೆಗೆ ಅವಳ ಮಂಚವನ್ನು ಮೊದಲೇ ತಂದಿಟ್ಟೆ. ಖಾಲಿ ಮಂಚ ನೋಡಿದಾಗಲೆಲ್ಲ ಅಳು ಬರುತ್ತಿತ್ತು. ನಾನು ರೊಟ್ಟಿ ಬಡಿಯುವ ಸದ್ದಿಗೆ ಕೆಳಗಿನ ಮನೆಯ ಆಂಟಿ ಮೊದಲು ಜಗಳಕ್ಕೆ ಬಂದರು. ತಟ್ಟೆ ನೋಡಿ "ಜೊನ್ನ ರೊಟ್ಟೆನಾ?" ಎಂದರು. ಅವರಿಗೂ ಜೋಳದ ರೊಟ್ಟಿಯೆಂದರೆ ಪ್ರಾಣವಂತೆ. ಆಮೇಲೆ ಎರಡು ರೊಟ್ಟಿಗಾಗಿಯೇ ಬರತೊಡಗಿದರು.

ಊರಲ್ಲಿ ಕೆಲಸ ಆಗುವಂತಿಲ್ಲದಿದ್ದರೆ "ನೋಡೂಣ್ರಿ" ಅನ್ನುತ್ತಾರೆ. ಇಲ್ಲಿ "ಅಯಿಪೋತುಂದಿ ಮೇಡಂ", ಅಂದರೆ ಆಗಿಬಿಡುತ್ತದೆ. ಎಲ್ಲಿ ಆಗುತ್ತಿತ್ತು! ಆಸ್ಪತ್ರೆಯೊಂದಕ್ಕೆ ಮಾಡಿಕೊಡುತ್ತಿದ್ದ ತಂತ್ರಾಂಶ ಎರಡು ಸಲ ತಡವಾಯಿತು. ಮೂರನೆಯ ಸಲ ತಪ್ಪಿದರೆ ಖಾಯಂ ಮಾತೇ ಇಲ್ಲವೆಂದು ಮ್ಯಾನೇಜರ್ ಕಡ್ಡಿ ಮುರಿದಂತೆ ಹೇಳಿದರು. ನನಗೂ ಹಟ ಬಂತು. ಎಲ್ಲಿ ಎಡವುತ್ತಿದ್ದೇವೆಂದು ಕಣ್ಣಿಟ್ಟು ನೋಡಿದೆ. ಎಷ್ಟು ದಿನ ಬೇಕೆಂದು ಚೀಟಿಯಲ್ಲಿ ಬರೆಯುವಾಗ ಎಲ್ಲರ ಕಣ್ಣೂ ಮೂರ್ತಿಯವರ ಕೈಮೇಲೆ. ಅವರು ಮೂರು ಬರೆದರೆ ಎಲ್ಲರದ್ದೂ ಮೂರು. ಗೌರವವೆಂದು ನಾನೂ ಅವರ ಚೀಟಿಯನ್ನೇ ಮೊದಲು ಓದುತ್ತಿದ್ದೆ.

ಮುಂದಿನ ಸಲ, "ಚೀಟಿ ಮಗುಚಿಡಿ, ಸರ್ ಚೀಟಿ ಕೊನೆಗೆ" ಎಂದೆ. ಮೂರ್ತಿಯವರ ಮುಖ ಗಂಟಾಯಿತು. ನನ್ನ ಮಾತಿಗೆ ಬೆಲೆ ಇಲ್ಲವೇ ಎಂದು ಹಿಂದಿಯಲ್ಲಿ ಕೇಳಿದರು. ಬೆಲೆ ಇರುವುದಕ್ಕೇ ಸರ್, ನೀವು ಹೇಳಿದ ಮೇಲೆ ಯಾರೂ ಬಾಯಿ ಬಿಡುವುದಿಲ್ಲ ಎಂದೆ. ಒಳಗೊಳಗೇ ಹೆದರಿಕೆ, ಆದರೂ ಪಟ್ಟು ಬಿಡಲಿಲ್ಲ.

ಟೆಸ್ಟಿಂಗ್ ಮಾಡುವ ಲಾವಣ್ಯ ಎಲ್ಲರಿಗಿಂತ ಕಿರಿಯಳು. ಅವಳ ಚೀಟಿಯಲ್ಲಿ ಎಂಟು ಇತ್ತು. ಆಸ್ಪತ್ರೆಯ ಹಳೆಯ ದಾಖಲೆಗಳಲ್ಲಿ ಒಬ್ಬರ ಹೆಸರೇ ನಾಲ್ಕು ಬಗೆಯಾಗಿರುತ್ತದೆ, ಅದನ್ನು ಹೊಂದಿಸಲಿಕ್ಕೇ ನನಗೆ ಐದು ದಿನ ಬೇಕು ಎಂದಳು.

"ಇನ್ನಿ ರೋಜುಲು ಎಂದುಕು ಚೆಪ್ಪಲೇದಮ್ಮಾ?" ಎಂದರು ಮೂರ್ತಿ. ಇಷ್ಟು ದಿನ ಯಾಕೆ ಹೇಳಲಿಲ್ಲಮ್ಮಾ ಎಂದು.

"ಮೀರು ಮುಂದೇ ಚೆಪ್ಪೇಸಾರು ಕದಾ ಸರ್." ನೀವು ಮೊದಲೇ ಹೇಳಿಬಿಡುತ್ತಿದ್ದಿರಲ್ಲ.

ಮೂರ್ತಿಯವರು ಜೇಬಿನಿಂದ ಪೆನ್ನು ತೆಗೆದರು. ಆಮೇಲೆ ತಮ್ಮ ಚೀಟಿಯ ಮೂರನ್ನು ಹೊಡೆದುಹಾಕಿ ಎಂಟು ಬರೆದರು. ಆಸ್ಪತ್ರೆಯವರಿಗೂ ಎಂಟೇ ದಿನವೆಂದು ಹೇಳಿದೆವು, ಎಂಟನೆಯ ದಿನ ಕೊಟ್ಟೆವು. ಆಮೇಲೆ ಒಂದು ಸಲವೂ ತಪ್ಪಲಿಲ್ಲ. ಆರು ತಿಂಗಳು ತುಂಬಿದಾಗ ನನ್ನ ಕೆಲಸ ಖಾಯಂ ಆಯಿತು.

ಆಫೀಸಿನ ಮೆಟ್ಟಿಲ ಮೇಲೆ ನಿಂತೇ ಊರಿಗೆ ಫೋನ್ ಹಚ್ಚಿದೆ. "ಸಂಜೂ, ಖಾಯಂ ಆತು! ಜೂನ್‌ನ್ಯಾಗ ನಿನ್ನ ಕರ್ಕೊಂಡು ಬರ್ತೀನಿ. ಇಲ್ಲಿ ನಿನ್ನ ಸೇರಿಸಾಕ ಸಾಲಿನೂ ನೋಡೀನಿ."

"ಮಮ್ಮಿ, ನನ್ನ ಯಾರ್ ಕೇಳಿದ್ರು?"

ಎಂಟು ಮಂದಿಯ ಬಾಯಿ ಬಿಡಿಸಿದವಳು ಇವಳೊಬ್ಬಳನ್ನು ಕೇಳಿರಲೇ ಇಲ್ಲ. ಕಣ್ಣೊರೆಸಿಕೊಂಡು, "ಈಗ ಕೇಳಾಕತ್ತೀನಿ ನೋಡು. ಎಷ್ಟು ದಿನ ಬೇಕು ನಿನಗ?" ಎಂದೆ.

"ಒಂದ್ ವರ್ಷ. ಐದನೇತ್ತ ಇಲ್ಲೇ ಅಜ್ಜಿ ಹತ್ರ ಮುಗಿಸ್ತೀನಿ."

ಒಪ್ಪಿದೆ. ಭಾಳ ಕಷ್ಟವಾಯಿತು, ಆದರೂ ಒಪ್ಪಿದೆ.

ಈಗ ಶನಿವಾರ ಕಾಚಿಗೂಡದಿಂದ ರೈಲು, ಭಾನುವಾರ ವಾಪಸ್. ಶುಕ್ರವಾರ ಬಂತೆಂದರೆ ಲಾವಣ್ಯ, "ಊರಿಕಿ ಎಪ್ಪುಡು ವೆಳ್ತಾರು ಮೇಡಂ?", ಊರಿಗೆ ಯಾವಾಗ ಹೋಗುತ್ತೀರಿ ಎನ್ನುತ್ತಾಳೆ. ರಾಯಚೂರಿನ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುವಾಗಲೇ ಮಗಳು ಕೇಳುತ್ತಾಳೆ: "ಮಮ್ಮಿ, ನೀ ಯಾವಾಗ ಹೋಗ್ತಿ?"