ಮುತ್ತಲಿಬನ ಬಿರುಕುಗಳು

ಊರಲ್ಲಿ ಹಳೇ ಮನೆಗೆ ಸುಣ್ಣ ಬಳಿದು ಹೊಸದು ಮಾಡುತ್ತಿದ್ದ ಮನುಷ್ಯ ಕುವೈತಿಗೆ ಬಂದು ಹೊಸ ಗೋಡೆಯನ್ನು ಹಳತು ಮಾಡುವ ಕೆಲಸಕ್ಕೆ ಬಿದ್ದ ಅಂದರೆ ನಗು ಬರುವುದಿಲ್ಲವಾ? ಉಳ್ಳಾಲದ ಮುತ್ತಲಿಬನಿಗೂ ಮೊದಮೊದಲು ನಗುವೇ ಬಂದಿತ್ತು.

ಯಜಮಾನ ಇಂಗ್ಲೆಂಡಿನಲ್ಲಿ ಓದಿ ಬಂದವನು. ಅಲ್ಲಿಯ ಹಳ್ಳಿಯ ಹಳೇ ಪಬ್ಬಿನ ಗುಂಗು ತಲೆಗೆ ಹತ್ತಿ, ವಫ್ರಾದ ತೋಟದಲ್ಲಿ ಅಂಥದ್ದೇ ಒಂದನ್ನು ಕಟ್ಟಿಸಲು ಹೊರಟಿದ್ದ. ತಲೆ ತಾಗುವಷ್ಟು ತಗ್ಗಿದ ಮಾಡು, ಕಪ್ಪು ತೊಲೆಗಳು, ಆಳು ನಿಂತು ಅಡುಗೆ ಮಾಡುವಷ್ಟು ದೊಡ್ಡ ಒಲೆಗೂಡು, ಅದರ ಮೇಲೆ ದಪ್ಪ ಇಟ್ಟಿಗೆಯ ಚಿಮಣಿ. ಕುಡಿಯಲಿಕ್ಕೆ ಮಾತ್ರ ದಾಳಿಂಬೆ ರಸ, ಪೀಪಾಯಿಗಳೆಲ್ಲ ಖಾಲಿ. ಆದರೂ ಮುತ್ತಲಿಬನ ಹೆಂಡತಿ ಊರಿನಿಂದ ಫೋನಿನಲ್ಲಿ, "ಹೆಂಡದಂಗಡಿ ಕಟ್ಟಲಿಕ್ಕೆ ಹೋದಿರಾ?" ಎಂದು ಜಾಡಿಸಿದ್ದಳು.

ತೊಲೆಗಳೆಲ್ಲ ಪ್ಲೈವುಡ್ಡಿನ ಟೊಳ್ಳು ಪೆಟ್ಟಿಗೆಗಳು. ಅವಕ್ಕೆ ಹುಳು ತಿಂದ ತೂತು ಕೊರೆದು, ಹೊಗೆಯ ಬಣ್ಣ ಹಚ್ಚಿ, ಗೋಡೆಗೆ ಬಿರುಕು ಬರೆಯುವುದು ಮುತ್ತಲಿಬನ ಕೆಲಸ. ಕೈ ಎಂಥದ್ದು ಅಂತೀರಿ! ಅಡುಗೆಯ ಕಾಂತಮ್ಮ ಚಾ ತಂದುಕೊಟ್ಟು, "ಏನಪ್ಪಾ, ಇವತ್ತು ಎಷ್ಟು ವರ್ಷ ಹಳೇದು ಮಾಡ್ದೆ?" ಎಂದು ಕೆಣಕುತ್ತಿದ್ದರು.

ಒಲೆ ಹೊತ್ತಿಸಿ ನೋಡಿದ ಮರುದಿನ ಬೆಳಿಗ್ಗೆ ಚಿಮಣಿಯ ಮೇಲೆ ಅವನು ಬರೆಯದ ಒಂದು ಬಿರುಕು ಕಂಡಿತು. ಅದು ಇನ್ನೂ ಬೆಳೆಯುತ್ತಿದೆಯೋ ಎಂದು ನೋಡಲು ಅದರ ಮೇಲೆ ಅಡ್ಡಕ್ಕೆ ಒಂದಿಷ್ಟು ಜಿಪ್ಸಂ ಮೆತ್ತಿದ. ಮಧ್ಯಾಹ್ನಕ್ಕೆ ಅದೂ ಸೀಳಿತು.

"ಎಂಥ ಮಾರಾಯ, ನೀನು ಮಾಡಿದ ಬಿರುಕಿಗೆ ನೀನೇ ಹೆದರುವುದಾ?" ಎಂದು ಸೂಪರ್‌ವೈಸರ್ ಪ್ರೀತಮ್ ನಕ್ಕ. ಯಜಮಾನನಂತೂ ಬಿರುಕಿನ ಮೇಲೆ ಬೆರಳಾಡಿಸಿ, ಇದೇ ಎಲ್ಲಕ್ಕಿಂತ ಚೆನ್ನಾಗಿದೆ ಎಂದು ಬೆನ್ನು ತಟ್ಟಿ ಹೋದ.

ಮುತ್ತಲಿಬ್ ಒಲೆಗೂಡಿನ ತೊಲೆಗೆ ಉದ್ದನೆಯ ಸ್ಕ್ರೂಡ್ರೈವರ್ ತೂರಿಸಿದ. ಒಳಗೆ ಚಿಮಣಿಯ ಭಾರ ಹೊರುವ ಕಬ್ಬಿಣ ತಾಗಬೇಕಿತ್ತು. ತಾಗಲಿಲ್ಲ. ಅದು ನಿಜವಾದ ಮರ ಎಂದು ನಂಬಿ ಗಾರೆಯವರು ಇಟ್ಟಿಗೆ ಏರಿಸಿದ್ದರು. ಒಳಗೆ ಗಾರೆಯವರು ಕಬ್ಬಿಣ ಹಾಕುತ್ತಾರೆಂದು ನಂಬಿ ಬಡಗಿಗಳು ಪೆಟ್ಟಿಗೆ ಹೊಡೆದಿದ್ದರು. ಅಷ್ಟೂ ಚಿಮಣಿ ನಿಂತದ್ದು ಪ್ಲೈವುಡ್ಡಿನ ಮೇಲೆ. ಕೆಳಗೆ ಬೆಂಕಿ.

ಕರೆದು ತೋರಿಸಿದಾಗ ಈ ಸಲ ಪ್ರೀತಮ್ ನಗಲಿಲ್ಲ. "ಶುಕ್ರವಾರ ಯಜಮಾನರು ನೆಂಟರಿಗೆ ಕೊಡುವ ಊಟ ಒಂದು ಮುಗಿಯಲಿ, ಶನಿವಾರವೇ ಕಬ್ಬಿಣ ಹಾಕಿಸುತ್ತೇನೆ. ಈಗ ಬಾಯಿ ಬಿಟ್ಟರೆ ಇಬ್ಬರ ಇಕಾಮಾವೂ ಖಲಾಸ್, ಸೀದಾ ಊರಿಗೆ ವಾಪಸ್."

ಶುಕ್ರವಾರ ಆ ಒಲೆಯಲ್ಲಿ ಮಚ್‌ಬೂಸ್ ಎಂಬ ಮಾಂಸದನ್ನ ಬೇಯಿಸಬೇಕಾದವರು ಕಾಂತಮ್ಮ. ಮುತ್ತಲಿಬ್ ಅವರ ಹತ್ತಿರ ಹೋಗಿ, "ಅಕ್ಕಾ, ಆ ಒಲೆಯ ಹತ್ತಿರ ನಿಲ್ಲಬೇಡಿ. ಅದು ನಿಜವಾಗಿ ಬಿರುಕು ಬಿಟ್ಟಿದೆ" ಎಂದ.

"ಹೋಗಪ್ಪಾ! ನನ್ನ ಕಣ್ಣೆದುರೇ ಬ್ರಷ್ ಹಿಡ್ಕೊಂಡು ಬರೆದೋನು ನೀನು, ನನ್ಗೇ ಟೋಪಿ ಹಾಕ್ತೀಯಾ?" ಅವರು ಹೊಟ್ಟೆ ಹಿಡಿದು ನಕ್ಕರು. ಎಷ್ಟು ಆಣೆ ಹಾಕಿದರೂ ನಂಬಲಿಲ್ಲ.

ಶುಕ್ರವಾರ ನೆಂಟರು ಅಂಗಳದಲ್ಲಿ ಕೂತಿದ್ದರು. ಒಳಗೆ ಕಾಂತಮ್ಮ ಒಬ್ಬರೇ. ಮುತ್ತಲಿಬ್ ಬಾಗಿಲಲ್ಲಿ ಬರಿಗೈಯಲ್ಲಿ ನಿಂತಿದ್ದ.

"ಸಾಕು ಮಾಡಪ್ಪಾ ನಿನ್ನ ಹಳೇದು ಮಾಡೋದು!" ಕಾಂತಮ್ಮ ತಿರುಗದೆಯೇ ಕೂಗಿದರು. "ಅನ್ನಕ್ಕೆಲ್ಲ ಪುಡಿ ಉದುರ್ತಾ ಇದೆ."

"ಅಕ್ಕಾ, ಹೊರಗೆ ಬನ್ನಿ!" ಅವನು ಕಿರುಚುತ್ತಲೇ ಓಡಿದ.

ಕಾಂತಮ್ಮ ಬರಲಿಲ್ಲ. ಸೌಟು ಹಿಡಿದು, ಪುಡಿ ತೆಗೆಯಲು ಪಾತ್ರೆಯ ಮೇಲೆ ಬಗ್ಗಿದರು. ಮೊದಲ ಇಟ್ಟಿಗೆ ಬಿದ್ದಾಗಲೂ ಬಗ್ಗಿಯೇ ಇದ್ದರು.