ಹ್ಯಾಕಿಂಗ್ ಪಾಠ ಮತ್ತು ನಮ್ಮ ಶೆಡ್ಡಿನ ಗೋಡೆ

ರಾಮನಗರದ ಗೂಡಿನ ಹರಾಜು ಮೊಬೈಲಿಗೆ ಬಂದ ಮೇಲೆ, ರೇಷ್ಮೆ ನೂಲು ಬಿಚ್ಚುವ ನಾವು ಬೆಳಿಗ್ಗೆ ಮಾರುಕಟ್ಟೆಯಲ್ಲಿ ಗೂಡು ನೋಡಿ ಬಂದು, ಶೆಡ್ಡಿನಲ್ಲಿದ್ದುಕೊಂಡೇ ಬೆಲೆ ಹಾಕುವುದನ್ನು ರೂಢಿಸಿಕೊಂಡೆವು. ಒಂದು ದಿನ ನನ್ನ ಎರಡೂ ಕೈ ಬಿಸಿನೀರಿನ ತೊಟ್ಟಿಯಲ್ಲಿದ್ದಾಗ, ನನ್ನ ಹೆಸರಿನಲ್ಲಿ ಯಾರೋ ಒಂದು ರಾಶಿಯನ್ನು ಕೊಂಡುಬಿಟ್ಟಿದ್ದರು. ಹುಳು ಸತ್ತು ಕಲೆಗಟ್ಟಿದ ಗೂಡು. ಹತ್ತು ಮಾರು ಎಳೆಯೂ ಬಿಚ್ಚಿ ಬರುವಂಥದ್ದಲ್ಲ. ಜೀವಮಾನವೆಲ್ಲ ಗೂಡು ನೋಡಿದವನು ಇದನ್ನು ಕೊಂಡನೆಂಬ ಸುದ್ದಿ ಮಾರುಕಟ್ಟೆಯೆಲ್ಲ ಹಬ್ಬಿತು.

ಸಂಜೆಗೆ ಬೀದಿ ತೀರ್ಪು ಕೊಟ್ಟಾಗಿತ್ತು: ಇದು ಎದುರು ಮನೆಯ ಹುಡುಗಿಯದೇ ಕೆಲಸ. ಅವಳು ಕಂಪ್ಯೂಟರ್ ಡಿಪ್ಲೊಮಾದ ಕೊನೆಯ ವರ್ಷದಲ್ಲಿದ್ದಳು. ಹ್ಯಾಕಿಂಗ್ ಹೇಳಿಕೊಡುವ ವಿಡಿಯೋಗಳನ್ನು ಜಗಲಿಯಲ್ಲಿ ಎಲ್ಲರೆದುರೇ ನೋಡುತ್ತಿದ್ದಳು.

“ಬಿಟ್ಟಿ ಸಿಕ್ತದೆ ಅಂತ ಕಳ್ತನದ ಪಾಠ ಕಲ್ತರೆ ಇನ್ನೇನ್ಲಾ ಆಯ್ತದೆ?” ಎಂದ ಪಕ್ಕದ ಶೆಡ್ಡಿನವನು.

“ನೀನು ಬೀಗ ರಿಪೇರಿ ಕಲ್ತಿದ್ದೀಯಲ್ಲ, ಎಷ್ಟು ಮನೆಗೆ ನುಗ್ಗಿದ್ದೀಯ್ಲಾ?” ಎಂದೆ.

ಆದರೂ ಹುಡುಗಿಯ ತಂದೆ ಅವಮಾನ ತಾಳಲಾರದೆ ಅವಳ ಮೊಬೈಲು ಕಿತ್ತುಕೊಂಡು ಕಾಲೇಜು ಬಿಡಿಸಿದ.

“ಕೊನೇ ಪರೀಕ್ಷೆ ಐತೆ ತಾತ. ಅಪ್ಪಂಗೆ ಒಸಿ ಹೇಳಿ,” ಎಂದಳು ಆಕೆ.

ಆಧಾರವಿಲ್ಲದೆ ಮಾತನಾಡುವುದು ನನ್ನ ಜಾಯಮಾನವಲ್ಲ. “ಮೊದ್ಲು ನಾನೇ ಕಲ್ತು ನೋಡ್ತೀನಿ, ಆಮೇಲೆ ಹೇಳ್ತೀನಿ,” ಎಂದೆ.

ನಾನು ಮೂರನೆಯ ತರಗತಿ ದಾಟದವನು. ಇಂಗ್ಲಿಷನ್ನು ನಿಘಂಟು ಹಿಡಿದು ಕಲಿತವನು. ಅದೇ ಪಾಠಗಳನ್ನು ಶೆಡ್ಡಿನಲ್ಲಿ ಕುಳಿತು ದಿನವೂ ನೋಡಿ ಟಿಪ್ಪಣಿ ಮಾಡಿಕೊಂಡೆ. ಅರ್ಧಕ್ಕರ್ಧ ತಿಳಿಯಲಿಲ್ಲ. ಅವು ಯಾರಿಗೂ ಕೇಡು ಕಲಿಸವೆಂದು ಆಣೆಯಿಡಲಾರೆ. ಕೆಡಿಸುವ ಮನಸ್ಸಿದ್ದವನಿಗೆ ಅಲ್ಲಿ ದಾರಿಯೂ ಉಂಟು. ಆದರೆ ಒಂದು ಪಾಠ ಹೇಳಿತು: ಯಂತ್ರವನ್ನು ಮುಟ್ಟುವ ಮೊದಲು, ಅದರ ಒಡೆಯ ಗುಟ್ಟನ್ನು ಎಲ್ಲಿ ಬರೆದಿಟ್ಟಿದ್ದಾನೆಂದು ನೋಡಿ. ನಾನು ತಲೆಯೆತ್ತಿದೆ.

ತೊಟ್ಟಿಯ ಮೇಲಿನ ಗೋಡೆಯಲ್ಲಿ ನನ್ನ ಮೊಬೈಲ್ ಸಂಖ್ಯೆ. ಅದರ ಕೆಳಗೆ ಹರಾಜಿನ ಪಿನ್ನು. ಸೀಮೆಸುಣ್ಣದಲ್ಲಿ, ನನ್ನದೇ ದಪ್ಪ ಅಂಕಿಗಳಲ್ಲಿ. ಈ ಕೆಲಸದಲ್ಲಿ ಕೈ ಸದಾ ಒದ್ದೆ. ಕೈ ಒಣಗಿದ್ದವರು ಯಾರಾದರೂ ನಮ್ಮ ಪರವಾಗಿ ಒತ್ತಲೆಂದು ಬರೆದದ್ದು. ಸೌದೆ ಹಾಕಲು ಬಂದವನು, ಗೂಡು ಇಳಿಸಿದವನು, ಹಾಲು ಕೊಡುವವಳು, ಯಾರು ಬೇಕಾದರೂ ಓದಬಹುದಿತ್ತು. ಬೀದಿಯ ಪ್ರತಿ ಶೆಡ್ಡಿಗೂ ಈ ಉಪಾಯ ಹೇಳಿಕೊಟ್ಟವನೂ ನಾನೇ.

ಆಮೇಲೆ ಎದುರು ಮನೆಗೆ ಹೋಗಿ ಎಲ್ಲವನ್ನೂ ಒಪ್ಪಿಕೊಂಡೆ. ಹುಡುಗಿಯ ತಂದೆ ನನ್ನೊಂದಿಗೆ ಬಂದು ಗೋಡೆ ನೋಡಿದ.

“ಇದನ್ನ ಆವತ್ತೇ ನೋಡಕಾಯ್ತಿರ್ನಿಲ್ವಾ ಅಣ್ಣ?” ಎಂದ. “ಪರೀಕ್ಷೆ ನೆನ್ನೆ ಮುಗುದೋಯ್ತು.”

ಹುಡುಗಿ ಅವನ ಹಿಂದೆ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಳು. ಪರೀಕ್ಷೆ ಯಾವ ದಿನವೆಂದು ನಾನು ಅವಳನ್ನು ಒಮ್ಮೆಯೂ ಕೇಳಿರಲಿಲ್ಲ.