ಬರಿಗಣ್ಣಿನ ಯಜಮಾನರು

ಕನ್ನಡಕದಂಗಡಿಯ ಯಜಮಾನರನ್ನು ಒಪ್ಪಿಸುವುದೆಂದರೆ ಕಬ್ಬಿಣದ ಕಡಲೆ ಅಗಿದಂತೆ ಎಂಬುದು ಅವರ ಅಂಗಡಿಗೆ ವೆಬ್‌ಸೈಟ್ ಮಾಡಿಕೊಡಲು ಹೊರಟ ಹುಡುಗಿಗೆ ಮೊದಲ ವಾರದಲ್ಲೇ ಗೊತ್ತಾಯಿತು. ಅವಳು ಲ್ಯಾಪ್‌ಟಾಪ್ ತೆರೆದಳೆಂದರೆ ಸಾಕು, ಅವರು ತಮ್ಮ ಕನ್ನಡಕ ಕಳಚಿ ಜೇಬಿಗಿಳಿಸುವರು. ಆಮೇಲೆ ಕಣ್ಣು ಕಿರಿದು ಮಾಡಿ, ಮೂಗು ಪರದೆಗೆ ತಾಗುವಷ್ಟು ಬಗ್ಗಿ, "ಇನ್ನೂ ಒಂಚೂರು ದಪ್ಪ ಮಾಡಮ್ಮ" ಎನ್ನುವರು. ತಿಳಿಬೂದು ಬಣ್ಣದ ಸಣ್ಣ ಅಕ್ಷರ ತೋರಿಸಿದರೆ, "ಇದೇನು, ಇರುವೆ ಸಾಲಾ?" ತಾನಾಗಿ ಸರಿಯುವ ಚಿತ್ರ ತೋರಿಸಿದರೆ, "ಅಯ್ಯೋ, ತಲೆ ಸುತ್ತುತ್ತೆ, ನಿಲ್ಸು!" ನಡುವೆ ಗಿರಾಕಿ ಬಂದರೆ ಅವರ ಕನ್ನಡಕವನ್ನೂ ತೆಗೆಸಿ, "ಇದನ್ನ ಓದಿ ನೋಡೋಣ" ಎಂದು ಲ್ಯಾಪ್‌ಟಾಪ್ ತಿರುಗಿಸುವರು; ಕಣ್ಣಿನ ಪರೀಕ್ಷೆಯೆಂದುಕೊಂಡ ಗಿರಾಕಿ ಪಾಪ, ಒಂದು ಕಣ್ಣು ಮುಚ್ಚಿಕೊಂಡು ಓದುವರು. ಪುಟದಲ್ಲಿದ್ದ ಅಂಗಡಿಯ ಫೋನ್ ನಂಬರಂತೂ ಬೆಳೆದು ಬೆಳೆದು ಬಸ್ಸಿನ ಬೋರ್ಡಿನಷ್ಟಾಯಿತು. ಏಳನೆಯ ವಿನ್ಯಾಸದ ಹೊತ್ತಿಗೆ ಹುಡುಗಿಯ ತಾಳ್ಮೆಯ ಕಟ್ಟೆಯೊಡೆಯಿತು. "ಅಂಗಡಿ ತುಂಬ ಕನ್ನಡಕ ಇಟ್ಕೊಂಡು ಬರಿಗಣ್ಣಲ್ಲಿ ಯಾಕ್ ಸಾರ್ ನೋಡ್ತೀರ? ಹಾಕ್ಕೊಂಡು ನೋಡಿ, ಎಷ್ಟು ಚೆನ್ನಾಗಿದೆ!" ಯಜಮಾನರು ನಕ್ಕರು. "ಕನ್ನಡಕ ನೆಟ್ಟಗಿರೋರು ನನ್ನನ್ಯಾಕಮ್ಮ ಹುಡುಕ್ತಾರೆ? ಅದರ ಮೇಲೆ ಕೂತು ಮುರ್ಕೊಂಡೋರು ತಾನೆ ಹುಡುಕೋದು!" ಹುಡುಗಿ ಮೆಲ್ಲಗೆ ತನ್ನ ಕನ್ನಡಕ ಕಳಚಿ, ಇಷ್ಟು ದಿನ ತಿದ್ದಿ ತೀಡಿದ ಪುಟದತ್ತ ನೋಡಿದಳು. ಬಣ್ಣಬಣ್ಣದ ಮಂಜಿನ ನಡುವೆ ಅವಳಿಗೆ ಕಂಡದ್ದು, ಮನಸ್ಸಿನಲ್ಲೇ ಬೈದುಕೊಂಡು ದೊಡ್ಡದು ಮಾಡಿದ್ದ ಆ ಫೋನ್ ನಂಬರು ಒಂದೇ.